ಆಟದೊಳಗೆ ದೂರ ಕಂಡ ಶುಕ್ರವಾರ

ರಟ್ಟಿನಲ್ಲಿ ನಾನು ಕತ್ತರಿಸಿದ ಕಿಂಡಿ ಎರಡು ಅಂಚೆಚೀಟಿಗಳನ್ನು ಪಕ್ಕಪಕ್ಕ ಇಟ್ಟಷ್ಟು ಅಗಲವಿತ್ತು. ಅದನ್ನು ಮಾನಿಟರಿನ ಮುಂದೆ ಅಂಟಿಸಿದರೆ ಕಾಣುತ್ತಿದ್ದದ್ದು ಎರಡೇ: ಕಾರಿನ ಆಟದ ಗಡಿಯಾರ, ಅದರ ಪಕ್ಕದ ಹಳದಿ ಅಂಕಿ. ಉಳಿದ ಪರದೆಯೆಲ್ಲ ರಟ್ಟಿನ ಹಿಂದೆ.

ಕಂಪ್ಯೂಟರ್ ಒಂದು ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತದೆ ಎಂಬುದನ್ನು ಆ ಅಂಕಿ ಹೇಳುತ್ತಿತ್ತು. ಹೆಚ್ಚಿದ್ದಷ್ಟೂ ಆಟ ನುಣುಪು. ಕಾರು ಓಡುವುದನ್ನು ನೋಡುತ್ತ ಕೂತರೆ ಅಂಕಿ ಓದುವುದು ತಪ್ಪುತ್ತದೆಂದು ರಟ್ಟು ಅಡ್ಡ ಇಟ್ಟಿದ್ದೆ. ಕಾಲೇಜಿನ ಲ್ಯಾಬಿನಲ್ಲಿ ಮೂರು ವರ್ಷ ಕಲಿತದ್ದು ಅದನ್ನೇ: ಮೀಟರಿನ ಮುಳ್ಳನ್ನು ನೋಡು, ಮೂರು ಸಲ ಓದು, ಸರಾಸರಿ ತೆಗೆ.

ಅದು ತೊಂಬತ್ತರ ದಶಕದ ಕೊನೆ. ನಾನು ಹರಿಹರದಿಂದ ದಾವಣಗೆರೆಗೆ ದಿನಾ ಬಸ್ಸಿನಲ್ಲಿ ಬಂದು ಮೆಕ್ಯಾನಿಕಲ್ ಎಂಜಿನಿಯರಿಂಗಿನ ಕೊನೆಯ ವರ್ಷ ಓದುತ್ತಿದ್ದೆ. ಲೇತ್ ಯಂತ್ರದ ಎರಡು ಹಲ್ಲುಚಕ್ರಗಳು ಒಂದಕ್ಕೊಂದು ಕೂಡಿ ತಿರುಗುವುದನ್ನು ಪರದೆಯ ಮೇಲೆ ತೋರಿಸುವುದು ನನ್ನ ಪ್ರಾಜೆಕ್ಟು. ಕಾಲೇಜಿನ ಕಂಪ್ಯೂಟರಿನಲ್ಲಿ ಚಕ್ರ ಒಂದೊಂದು ಹಲ್ಲಿಗೂ ನಿಂತು ನಿಂತು ತಿರುಗುತ್ತಿತ್ತು. ಪಿ.ಬಿ. ರಸ್ತೆಯ ಒಳಗಲ್ಲಿಯಲ್ಲಿ ಐದು ಕಂಪ್ಯೂಟರಿನ ಒಂದು ಅಂಗಡಿ ಇತ್ತು. ಬೆಳಗ್ಗೆ ಟೈಪಿಂಗ್ ಕ್ಲಾಸು, ಮಧ್ಯಾಹ್ನದ ಮೇಲೆ ಆಟ. ನಾನು ಬೆಳಗ್ಗೆ ಒಂದು ತಾಸು ಅಲ್ಲಿ ಕಲಿಸುತ್ತಿದ್ದೆ, ಬದಲಿಗೆ ಒಂದು ತಾಸು ಕಂಪ್ಯೂಟರ್ ನನ್ನದು. ಪರದೆಯ ಚಿತ್ರ ಬಿಡಿಸುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಕಾರಿನ ಆಟ ಹಾರುತ್ತದೆ ಎಂದು ಅಂಗಡಿಯವರಿಗೆ ಹೇಳಿದವಳೂ ನಾನೇ. ಅವರು ಬೆಂಗಳೂರಿನಿಂದ ತರಿಸಿದರು. ನನ್ನ ಚಕ್ರ ಆ ಕಾರ್ಡಿನ ಮೇಲೆ ಎಣ್ಣೆ ಬಿಟ್ಟ ಹಾಗೆ ತಿರುಗಿತು.

ಆದರೆ ಆಟದಲ್ಲಿ, ಕೆರೆಯ ತಿರುವು ಬಂದಾಗಲೆಲ್ಲ ಕಾರು ತಡೆತಡೆದು ಜಗ್ಗುತ್ತಿತ್ತು. ಆಡುವವರು ಗೊಣಗಿದರು. ವಾರದೊಳಗೆ ಕಳಿಸಿದರೆ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಬೆಂಗಳೂರಿನ ವ್ಯಾಪಾರಿ ಹೇಳಿದ್ದ. ಆ ವಾರ ಶನಿವಾರಕ್ಕೆ ಮುಗಿಯುತ್ತಿತ್ತು. ಕಾರ್ಡು ಹೋದರೆ ನನ್ನ ಪ್ರಾಜೆಕ್ಟೂ ಹೋದಂತೆ. ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ಮಾತು ದಾಟಿಸುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ಅದರ ಹೊಸ ಆವೃತ್ತಿ ಒಂದು ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿತ್ತು. ‘ಇನ್ನೂ ವೇಗ’ ಎಂದು ಬರೆದಿದ್ದರು. ಅದನ್ನು ಹಾಕಿ ನೋಡೋಣ ಎಂದೆ.

ಶುಕ್ರವಾರ ಮಧ್ಯಾಹ್ನ ಅಂಗಡಿಯವರೂ ಅವರ ತಂದೆಯೂ ನಮಾಜಿಗೆ ಹೋಗುವಾಗ ಶಟರ್ ಅರ್ಧ ಎಳೆದು ಹೋದರು. ಒಮ್ಮೆ ಓಡಿಸಿ ಉಳಿಸಿಟ್ಟ ಒಂದೇ ಸುತ್ತನ್ನು ಹಳೆಯ ಡ್ರೈವರಿನಲ್ಲಿ ಮೂರು ಸಲ ಓಡಿಸಿದೆ. ಕಾರು ಕೆರೆಯ ತಿರುವಿಗೆ ಬರುವ ಹೊತ್ತಿಗೆ, ಗಡಿಯಾರ ನಲವತ್ತನೆಯ ಸೆಕೆಂಡು ತೋರಿಸಿದಾಗಿನ ಅಂಕಿ ಬರೆದುಕೊಂಡೆ: ಮೂವತ್ತನಾಲ್ಕು, ಮೂವತ್ತಮೂರು, ಮೂವತ್ತನಾಲ್ಕು. ಹೊಸದನ್ನು ಹಾಕಿ ಮತ್ತೆ ಮೂರು ಸಲ: ಇಪ್ಪತ್ತೊಂಬತ್ತು, ಮೂವತ್ತು, ಇಪ್ಪತ್ತೊಂಬತ್ತು.

ಹೊಸದು ನಿಧಾನ. ಅಂಕಿಗಳನ್ನು ತಿದ್ದಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬಂದದ್ದು ನಿಜ. ತಿದ್ದಲಿಲ್ಲ.

ಅಂಗಡಿಯವರು ತಲೆಯ ಟೋಪಿ ತೆಗೆಯುತ್ತಲೇ ಒಳಗೆ ಬಂದರು. “ಇದೇನ್ರಿ ಮೇಡಂ, ಕಂಪ್ಯೂಟರಿಗೆ ಪರದಾ ಹಾಕೀರಿ? ಎಷ್ಟು ಬಂತು?”

“ಹಳೇದಕ್ಕಿಂತ ನಾಲ್ಕು ಕಡಿಮೆ, ಅಣ್ಣಾ.”

“ಅಂದ್ರ ಹೊಸಾದು ಹಾಕಿ ಹಿಂದಕ್ಕ ಬಂದ್ವಿ ಅನ್ರಿ! ಕುಕ್ಕುವಾಡದ ಎತ್ತಿನ ಗಾಡಿ ತರಿಸಿದ್ರ ಇದಕ್ಕಿಂತ ಜೋರು ಓಡ್ತಿತ್ತು.” ನಕ್ಕರು, ಆಮೇಲೆ ನಗು ನಿಲ್ಲಿಸಿದರು. “ನಾಳೆ ಬೆಳಗ್ಗೆ ಪಾರ್ಸಲ್ ಕಳಿಸ್ತೀನ್ರಿ. ತಪ್ಪು ತಿಳ್ಕಬ್ಯಾಡ್ರಿ.”

ಅವರು ರಟ್ಟನ್ನು ಕಿತ್ತು ಪಕ್ಕಕ್ಕಿಟ್ಟರು. ಉಳಿಸಿಟ್ಟ ಸುತ್ತು ಇನ್ನೂ ಓಡುತ್ತಲೇ ಇತ್ತು.

ಹಿಂದೆಯೇ ಬಂದ ಅವರ ತಂದೆ, ದಿನಾ ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕೂರುತ್ತಿದ್ದವರು, ಕೂರದೆ ಪರದೆ ನೋಡುತ್ತ ನಿಂತರು. ದಿನವಿಡೀ ಉರ್ದು ಪೇಪರ್ ಓದುತ್ತ ಕೂತಿರುವ, ಆಟವನ್ನು ಒಮ್ಮೆಯೂ ಮೆಚ್ಚದ ಮನುಷ್ಯ.

“ಇವತ್ತು ಇದ್ರಾಗ ದೂರ ಐತೆ,” ಎಂದರು.

“ಏನ್ ದೂರ, ಅಬ್ಬಾ?”

“ದಿನಾ ಗುಡ್ಡ ಗ್ವಾಡಿಗೆ ಹಚ್ಚಿದಂಗೆ ಇರ್ತಿತ್ತು. ಇವತ್ತು ಹಿಂದಕ್ಕ ಸರದೈತೆ. ಗಾಡಿ ಕೆಳಗ ನೆಳ್ಳು ಬಂದೈತೆ, ನೋಡೋ.”

ನಾನು ಆಗ ಮೊದಲ ಬಾರಿ ಪರದೆಯನ್ನು ನೋಡಿದೆ. ಕೆರೆಯ ಮೇಲೆ ಮಂಜು ಕೂತಿತ್ತು. ಮಂಜಿನ ಆಚೆ ಗುಡ್ಡ ಇದೆಯೋ ಇಲ್ಲವೋ ಎಂಬಂತಿತ್ತು. ಕಾರು ಹತ್ತಿರವಾದಂತೆ ಅದು ನಿಧಾನವಾಗಿ ಮೂಡಿ ಬಂತು, ಮೊದಲು ಅಂಚು, ಆಮೇಲೆ ಮರಗಳು. ಹಳೆಯ ಡ್ರೈವರನ್ನು ಮತ್ತೆ ಹಾಕಿ ಅದೇ ನಲವತ್ತನೆಯ ಸೆಕೆಂಡಿನಲ್ಲಿ ನಿಲ್ಲಿಸಿದೆ. ಮಂಜಿಲ್ಲ, ನೆರಳಿಲ್ಲ, ಗುಡ್ಡ ಹಸಿರು ಕಾಗದದ ಹಾಗೆ ಅಂಟಿಕೊಂಡಿತ್ತು. ಹಳೆಯದು ಅಷ್ಟನ್ನೂ ಬಿಡಿಸದೆ ಬಿಟ್ಟು ನಾಲ್ಕು ಅಂಕಿ ಉಳಿಸಿಕೊಂಡಿತ್ತು.

ಕಾರ್ಡು ಅದೇ. ಒಂದು ಸ್ಕ್ರೂ ಕೂಡ ಸಡಿಲಿಸಿರಲಿಲ್ಲ. ಎಲ್ಲೋ ಯಾರೋ ಕೂತು ಬರೆದ ಒಂದಷ್ಟು ಸಾಲುಗಳು ಬಂದು, ಇಷ್ಟು ದಿನ ಆ ತಗಡಿನ ಡಬ್ಬಿಯೊಳಗೆ ಮಲಗಿದ್ದ ಮಂಜನ್ನು ಎಬ್ಬಿಸಿದ್ದವು.

“ಅಜ್ಜಾರೆ, ನಿಮಗೆ ಹೆಂಗೆ ಗೊತ್ತಾಯ್ತು?” ಎಂದು ಕೇಳಿದೆ. ಅವರೊಂದಿಗೆ ನಾನು ಅಷ್ಟು ಮಾತಾಡಿದ್ದೂ ಅದೇ ಮೊದಲು.

“ಹತ್ತಿ ಮಿಲ್ಲಿನಾಗ ಇಪ್ಪತ್ತೆಂಟು ವರ್ಷ ನೇಯ್ದ ಬಟ್ಟಿ ತಪಾಸಣಿ ಮಾಡೀನಿ ಬೇಟಿ. ದೀಪದ ಮ್ಯಾಲೆ ಬಟ್ಟಿ ಓಡ್ತಿರ್ತೈತೆ. ಎಳಿ ಎಣಿಸಾಕ ಹೋದ್ರ ಕಣ್ಣು ಸೋಲ್ತಾವ. ಎಲ್ಲಿ ಎಳಿ ಇಲ್ಲ, ಅಷ್ಟ ನೋಡ್ಬೇಕು.”

ಹೊಸದನ್ನು ಮತ್ತೆ ಹಾಕಿದೆ. ಅಂಗಡಿಯವರು ತಾವೇ ಕೂತು ಓಡಿಸಿದರು. ಕೆರೆ ಬಂದಾಗ ಮುಂದಕ್ಕೆ ಬಾಗಿ, ಎದುರಿಗೆ ಏನಿದೆಯೋ ಎಂಬ ಅಳುಕಿನಲ್ಲಿ ಬ್ರೇಕ್ ಒತ್ತಿದರು. ಅವರು ಆ ಆಟದಲ್ಲಿ ಬ್ರೇಕ್ ಒತ್ತಿದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ತಿರುವಿನಲ್ಲಿ ಕಾರು ಸ್ವಲ್ಪ ಜಗ್ಗಿತು, ಮೊದಲಿನ ಹಾಗೆಯೇ.

“ಜಗ್ಗಿದ್ರ ಜಗ್ಗಲಿ ಬಿಡ್ರಿ,” ಎಂದರು, ಪರದೆಯಿಂದ ಕಣ್ಣು ತೆಗೆಯದೆ. “ಪಾರ್ಸಲ್ ಬ್ಯಾಡ.”

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹರಿಹರದವರೆಗೂ ಹೊರಗೆ ನೋಡಿದೆ. ಹತ್ತಿರದ ಬೇವು ಕಡುಹಸಿರು, ಅದರಾಚೆಯದು ಸ್ವಲ್ಪ ಬೂದು, ಇನ್ನೂ ಆಚೆಯದು ಆಕಾಶದ ಬಣ್ಣಕ್ಕೇ ಹತ್ತಿರ. ಅದೇ ದಾರಿಯಲ್ಲಿ ನಾಲ್ಕನೆಯ ವರ್ಷ ಓಡಾಡುತ್ತಿದ್ದೆ.

ಮರುದಿನ ಬೆಳಗ್ಗೆ ಒಂದು ಬಸ್ಸು ಮುಂಚೆ ಹೊರಟೆ. ಅಜ್ಜಾರು ಶಟರ್ ಎತ್ತಿ ಕಸ ಗುಡಿಸುತ್ತಿದ್ದರು. ನನ್ನ ಹಲ್ಲುಚಕ್ರಗಳನ್ನು ಪರದೆಯ ಮೇಲೆ ತಿರುಗಲು ಬಿಟ್ಟು, ಕುರ್ಚಿಯಿಂದ ಎದ್ದು, ಅವರನ್ನು ಅದರಲ್ಲಿ ಕೂರಿಸಿ, “ಇದರಲ್ಲಿ ಯಾವುದು ಇಲ್ಲ, ನೋಡಿ ಹೇಳ್ರಿ,” ಎಂದೆ.