ಬುತ್ತಿ ಗಾಡಿಯ ಡಿಕ್ಕಿ

ಸಿಂಧನೂರಿನಲ್ಲಿರುವ ನಮ್ಮಣ್ಣ ಹೋದ ದಸರೆಗೆ ಹೊಸ ಗಾಡಿ ತಂದ. ಮನೆಮಂದಿಯೆಲ್ಲ ಕೂಡುವಷ್ಟು ದೊಡ್ಡದು. ಅದರ ಡಿಕ್ಕಿ ತೆಗೆಯಲು ಏನೆಲ್ಲ ದಾರಿಗಳಿವೆ ಎಂದು ನಮ್ಮನ್ನು ಅಂಗಳದಲ್ಲಿ ನಿಲ್ಲಿಸಿ ತೋರಿಸಿದ. ಕೀಲಿಯ ಗುಂಡಿ ಒತ್ತಿದರೂ ತೆರೆಯುತ್ತದೆ, ಡ್ರೈವರ್ ಸೀಟಿನ ಪಕ್ಕದ ಗುಂಡಿ ಒತ್ತಿದರೂ ತೆರೆಯುತ್ತದೆ. ಎರಡೂ ಕೈಯಲ್ಲಿ ಸಾಮಾನಿದ್ದರೆ ಬಂಪರಿನ ಕೆಳಗೆ ಕಾಲು ಆಡಿಸಿದರೆ ಸಾಕು, ತಾನೇ ಮೇಲೇಳುತ್ತದೆ. ಅಣ್ಣ ಕಾಲು ಆಡಿಸಿದ, ಬಾಗಿಲು ಮೇಲೆದ್ದಿತು, ನಾವೆಲ್ಲ ಹೋ ಎಂದೆವು. ಅವ್ವ ಮಾತ್ರ ಮುಖ ಗಂಟಿಕ್ಕಿಕೊಂಡಳು.

“ಪೂಜಿ ಮಾಡಿದ ಗಾಡಿಗಿ ಕಾಲು ತೋರಿಸ್ತೀಯೇನು? ನಾಳಿ ಅದರಾಗ ಬುತ್ತಿ ಇಟ್ಟಿದ್ರ?”

“ಬುತ್ತಿ ಹೊತ್ತವರಿಗೇ ಇದು ಮಾಡಿದ್ದು ಬೇ. ಅವರ ಕೈ ಖಾಲಿ ಇರೂದಿಲ್ಲಲಾ.”

“ಹಂಗಾರ ಬುತ್ತಿ ಕೆಳಗಿಟ್ಟು ತೆಗಿ.”

ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣು ತುಂಬಿತು. ಅವ್ವನ ಈ ಹಟ ನನಗೆ ಹೊಸದಲ್ಲ. ಇದೇ ಹಟಕ್ಕೆ ಒಂದು ಮಧ್ಯಾಹ್ನ ನಾವೆಲ್ಲ ಲಿಂಗಸುಗೂರಿನ ಬಿಸಿಲಿನಲ್ಲಿ ನಿಂತು ಬೆಂದಿದ್ದೇವೆ.

ಆಗ ನಾವು ಸಾಲಗುಂದದಲ್ಲಿದ್ದೆವು. ಅಪ್ಪ ಭತ್ತದ ಗದ್ದೆಯ ಕೆಲಸಕ್ಕೆಂದು ಯಾರಿಂದಲೋ ಒಂದು ಹಳೆಯ ದೊಡ್ಡ ಗಾಡಿ ಕೊಂಡಿದ್ದ. ಬೀಜದ ಚೀಲ, ಪೈಪು, ಮದುವೆಗೆ ಹೊರಟ ಹೆಂಗಸರು, ಎಲ್ಲ ಅದರಲ್ಲೇ. ಹಿಂದಿನ ಬಾಗಿಲು ಮನೆಯ ಕದದ ಹಾಗೆ ಪಕ್ಕಕ್ಕೆ ತೆರೆಯುತ್ತಿತ್ತು. ಅದರ ಬೆನ್ನಿಗೆ ಸ್ಟೆಪ್ನಿ ಗಾಲಿ ನೇತಾಡುತ್ತಿತ್ತು. ತೆರೆಯುತ್ತಿತ್ತು ಎಂದೆ, ಅದು ಬಾಯಿಮಾತು. ಅದು ತೆರೆಯುವುದು ಅದರ ಮರ್ಜಿಗೆ ಬಿಟ್ಟಿದ್ದು.

ಅಪ್ಪನ ದಾರಿ ಗುದ್ದುವುದು. ಗುದ್ದುತ್ತ, ಗಾಡಿ ಮಾರಿದವನ ವಂಶವನ್ನೆಲ್ಲ ನೆನೆಸುವುದು. ಅಣ್ಣನ ದಾರಿ ಹಿಡಿಕೆಯ ಸಂದಿಯಲ್ಲಿ ನಟ್ಟು ಬಿಚ್ಚುವ ಪಾನಾ ತುರುಕಿ ಮೀಟುವುದು. ಇವೆರಡೂ ಸೋತರೆ ನನ್ನ ಸರದಿ. ನಾನು ಹಿಂದಿನ ಸೀಟು ಹತ್ತಿ ಡಿಕ್ಕಿಯೊಳಗೆ ಇಳಿದು, ಬಾಗಿಲ ಒಳಗಡೆ ಕಟ್ಟಿದ್ದ ತಂತಿ ಜಗ್ಗಬೇಕಿತ್ತು. ಮಣ್ಣು, ಗೊಬ್ಬರ, ಎಣ್ಣೆಯ ವಾಸನೆಯ ನಡುವೆ ಕುಳಿತು ತಂತಿ ಎಳೆದಾಗ ಒಮ್ಮೆಲೆ ಬೆಳಕು ಒಳಗೆ ಬರುತ್ತಿತ್ತು. ಆ ಬೆಳಕಿನ ಆಸೆಗೆ ನಾನು ಎಂದೂ ಬೇಸರ ಪಟ್ಟುಕೊಳ್ಳಲಿಲ್ಲ.

ಅಕ್ಕ ಮನೆಯಲ್ಲಿದ್ದಾಗ ಈ ಯಾವ ರಂಪವೂ ಇರಲಿಲ್ಲ. ‘ಡಿಕ್ಕಿ ತೆಗಿಯವ್ವಾ’ ಎಂದು ಅಪ್ಪ ಕೂಗಿದರೆ ಅವಳು ಹೋಗಿ ತೆಗೆದು ಬರುತ್ತಿದ್ದಳು. ಹೇಗೆಂದು ಯಾರೂ ಕೇಳಲಿಲ್ಲ, ನೋಡಲೂ ಇಲ್ಲ. ಅವಳನ್ನು ಲಿಂಗಸುಗೂರಿಗೆ ಕೊಟ್ಟ ಮೇಲೆ ಡಿಕ್ಕಿಯ ಕಾಟ ಹೆಚ್ಚಾಯಿತು. ಗಾಡಿಗೆ ವಯಸ್ಸಾಯಿತು ಎಂದುಕೊಂಡೆವು. ರಿಪೇರಿ ಮಾಡಿಸೋಣ ಎಂದು ಅಣ್ಣ ಅಂದಾಗಲೆಲ್ಲ ಅಪ್ಪ ‘ಇರಲಿ ಬಿಡು’ ಎನ್ನುತ್ತಿದ್ದ.

ಅಕ್ಕ ಬಸುರಿಯಾದಳು. ನಮ್ಮ ಕಡೆ ತವರಿನವರು ಬಸುರಿ ಮಗಳಿಗೆ ಅವಳು ಬಯಸಿದ್ದನ್ನೆಲ್ಲ ಮಾಡಿಕೊಂಡು ಬುತ್ತಿ ಒಯ್ಯಬೇಕು. ಬುತ್ತಿ ಬಿಚ್ಚಿ ಮಗಳು ಮೊದಲ ತುತ್ತು ತಿನ್ನುವವರೆಗೆ ಯಾರೂ ಅದನ್ನು ಬಾಯಿಗಿಡುವ ಹಾಗಿಲ್ಲ. ಅಕ್ಕನಿಗೆ ಆ ದಿನಗಳಲ್ಲಿ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ತಿಂದದ್ದೆಲ್ಲ ವಾಂತಿ. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿದೆ ಎಂದು ನೋಡಿ ಬಂದವರು ಹೇಳಿದ್ದರು. ಹೊರಡುವ ಮುಂಜಾನೆ ಫೋನಿನಲ್ಲಿ ಅವಳು ಕೇಳಿದ್ದು ಒಂದೇ.

“ಅವ್ವಾ, ಪುಂಡಿಪಲ್ಯ ತರಾಕತ್ತೀ ಹೌದಿಲ್ಲೋ? ಅದೊಂದು ಹೊಟ್ಟಿಗಿ ಹೋಗ್ತೈತಿ ಅನ್ನಸ್ತೈತಿ ನೋಡು.”

ಅವ್ವ ಫೋನಿಟ್ಟು ಇನ್ನೊಂದು ಸೂಡು ಪುಂಡಿಸೊಪ್ಪು ಕಿತ್ತು ತಂದಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳ ಹಿಂಡಿ, ಕರಿಗಡುಬು, ಮೊಸರನ್ನ. ಜೊತೆಗೆ ಹೊರಟ ಹೆಂಗಸರು ಬುಟ್ಟಿಗಳಿಗೆ ಬಿಳಿ ಬಟ್ಟೆ ಕಟ್ಟಿದರು. ಅಣ್ಣ ಖಾಲಿ ಡಿಕ್ಕಿಯನ್ನು ಒಳಗಿನ ತಂತಿಯಿಂದ ತೆಗೆದುಕೊಟ್ಟ. ಬುಟ್ಟಿಗಳು ಬಾಗಿಲಿಗೆ ಆನುವಷ್ಟು ತುಂಬಿದವು. ಅಪ್ಪ ಭುಜ ಕೊಟ್ಟು ದೂಡಿ ಬಾಗಿಲು ಹಾಕಿದ. ಮರಳಿ ತೆಗೆಯುವುದು ಹೇಗೆ ಎಂಬ ಯೋಚನೆ ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೆಂಗಸರು ಹಾಡು ಹೇಳುತ್ತ ಗಾಡಿ ಹತ್ತಿದ್ದೇ ಹತ್ತಿದ್ದು.

ಸಿಂಧನೂರು, ಮಸ್ಕಿ ದಾಟಿ ಲಿಂಗಸುಗೂರು ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಬೀಗರ ಓಣಿಯ ಜನವೆಲ್ಲ ಬಾಗಿಲಲ್ಲಿ. ಅಕ್ಕನ ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಒಳಗೆ ಮಣೆಯ ಮೇಲೆ ಹಸಿರು ಸೀರೆ ಉಟ್ಟ ಅಕ್ಕ. ಬುತ್ತಿಗಾಗಿ ಕಾಯುತ್ತ ಬೆಳಗಿನಿಂದ ನೀರು ಬಿಟ್ಟರೆ ಏನೂ ಮುಟ್ಟಿರಲಿಲ್ಲ. 

ಅಪ್ಪ ಹಿಡಿಕೆ ಒತ್ತಿದ. ಇಲ್ಲ. ಗುದ್ದಿದ. ಇಲ್ಲ. ಬೀಗರ ಮುಂದೆ ಬೈಯುವಂತಿರಲಿಲ್ಲ, ಅದರಿಂದ ಅವನ ಅರ್ಧ ಶಕ್ತಿ ಅಲ್ಲೇ ಹೋಯಿತು. ಅಣ್ಣನ ಪಾನಾ ಬಣ್ಣ ಕೆರೆಯಿತು, ಅಷ್ಟೆ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಸೀರೆಯ ನೆರಿಗೆ ಎತ್ತಿಕೊಂಡು ಸೀಟು ಹತ್ತಿದೆ. ತಂತಿಯ ಮುಂದೆ ರೊಟ್ಟಿಯ ದೊಡ್ಡ ಬುಟ್ಟಿ, ಅದರ ಈಚೆ ಉಳಿದವು. ಬುಟ್ಟಿಗಳನ್ನು ಸೀಟಿನ ಮೇಲಿಂದ ಎತ್ತೋಣವೆಂದರೆ ಗಾಡಿಯ ಛಾವಣಿಯ ಕೆಳಗೆ ಸಣ್ಣ ಸಂದಿ ಮಾತ್ರ ಉಳಿಯುವಷ್ಟು ಎತ್ತರ ತುಂಬಿದ್ದೆವು. ಆ ಸಂದಿಯಲ್ಲಿ ತೂರಿ ಬುಟ್ಟಿಗಳ ಮೇಲೆ ಹಾಯ್ದು ಹೋದರೆ ಮಾತ್ರ ತಂತಿ ಸಿಗುತ್ತಿತ್ತು.

“ಬುತ್ತಿ ಮ್ಯಾಲೆ ಕಾಲಿಟ್ಟೀಯಂದ್ರ ನೋಡು!” ಅವ್ವ ಹೊರಗಿನಿಂದ ಚೀರಿದಳು.

“ಇಡೂದಿಲ್ಲ ಬೇ, ದಾಟತೀನಿ.”

“ದಾಟಲೂಬ್ಯಾಡ. ಬಸರಿ ಹೆಂಗಸು ಉಣ್ಣೂ ಅನ್ನ ಐತಿ ಅದು. ಇಳಿ ಕೆಳಗ.”

ಇಳಿದೆ. ಕೋಪದಿಂದ ನನ್ನ ಕಿವಿ ಬಿಸಿಯಾಗಿದ್ದವು. ಯಾರೋ ಹಿಂದಿನ ಬಾಗಿಲ ಗಾಜು ಒಡೆಯಿರಿ ಎಂದರು. ಗಾಜಿನ ಚೂರು ಬಿದ್ದ ಮೊಸರನ್ನ ಯಾರು ತಿನ್ನಬೇಕು ಎಂದು ಅವ್ವ ಅವರ ಮೇಲೂ ಹರಿಹಾಯ್ದಳು. ಗಾಜಿನೊಳಗೆ ಬುತ್ತಿ ಕಾಣುತ್ತಿತ್ತು. ಪುಂಡಿಪಲ್ಯದ ವಾಸನೆ ಹೊರಗೆ ಬರುತ್ತಿತ್ತು. ಅದನ್ನು ಬಯಸಿದವಳು ಒಳಗೆ ಖಾಲಿ ಹೊಟ್ಟೆಯಲ್ಲಿ ಕುಳಿತಿದ್ದಳು. ಅವ್ವ ಆರತಿ ತಟ್ಟೆಯ ಪಕ್ಕದಲ್ಲೇ ಅಳಲು ಶುರು ಮಾಡಿದಳು.

ಆಗ ಅಕ್ಕ ಮಣೆ ಬಿಟ್ಟು ಎದ್ದು ಹೊರಗೆ ಬಂದಳು.

“ಏಳಬಾರದವ್ವಾ,” ಎಂದಳು ಅತ್ತೆ.

“ಒಂದೀಟು ತಡೀರಿ ಅತ್ತಿ,” ಎಂದು ಅಕ್ಕ ಗೋಡೆ ಹಿಡಿದು ಮೆಟ್ಟಿಲಿಳಿದಳು. ಗಾಡಿಯ ಹತ್ತಿರ ಬಂದವಳೇ ಬಗ್ಗಿ ಸ್ಟೆಪ್ನಿಯ ಕೆಳಗೆ ಕೈ ಹಾಕಹೋದಳು. ಹೆಂಗಸರೆಲ್ಲ ಹಾ ಎಂದು ಕೂಗಿದರು. ಅವಳು ತನ್ನ ಹೊಟ್ಟೆ ನೋಡಿಕೊಂಡು, ನಕ್ಕು, ಕೈ ಹಿಂದೆ ತೆಗೆದಳು.

“ಅಪ್ಪಾ, ಗುದ್ದಬ್ಯಾಡ. ಗಾಲಿ ಭಾರಕ್ಕ ಬಾಗಲಾ ಜೋತು ಬಿದ್ದೈತಿ. ಕೆಳಗ ಕೈ ಹಾಕಿ ಗಾಲಿ ಸ್ವಲ್ಪ ಎತ್ತು. ಹಾಂ. ಹಿಡಿದಿರು. ಈಗ ಹಿಡಿಕಿ ಒತ್ತು.”

ಅಪ್ಪ ಒಂದು ಕೈಯಿಂದ ಎತ್ತಿದ, ಇನ್ನೊಂದರಿಂದ ಒತ್ತಿದ. ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಅಣ್ಣ ಪಾನಾವನ್ನು ಮೆಲ್ಲಗೆ ಜೇಬಿಗೆ ಇಳಿಸಿದ.

ಬುತ್ತಿ ಒಳಗೆ ಹೋಯಿತು. ಅತ್ತೆ ಅಕ್ಕನನ್ನು ಮತ್ತೆ ಮಣೆಯ ಮೇಲೆ ಕೂರಿಸಿ, ತಾನೇ ರೊಟ್ಟಿ ಮುರಿದು ಪುಂಡಿಪಲ್ಯ ಹಚ್ಚಿ ಮೊದಲ ತುತ್ತು ಕೊಟ್ಟಳು. ಅಕ್ಕ ನುಂಗಿದಳು. ಎಲ್ಲರೂ ಉಸಿರು ಹಿಡಿದು ಅವಳ ಗಂಟಲನ್ನೇ ನೋಡುತ್ತಿದ್ದರು. ಎರಡನೆಯದೂ ಹೋಯಿತು. ಸ್ವಲ್ಪ ಹೊತ್ತಿಗೆ ಅವಳು ತಟ್ಟೆ ಮುಂದೆ ಚಾಚಿ, “ಅತ್ತೀ, ಇನ್ನೊಂದು ರೊಟ್ಟಿ ಹಾಕ್ರಿ” ಎಂದಳು. ಆ ಮಾತು ಕೇಳಿ ನನಗಾದ ಸಂತೋಷ ಮುಂದೆ ನನ್ನ ಸ್ವಂತ ಮದುವೆಯಲ್ಲೂ ಆಗಲಿಲ್ಲ.

ಅಪ್ಪ ಬಾಗಿಲಲ್ಲಿ ನಿಂತು ಎಲ್ಲ ನೋಡಿದ. ಊಟಕ್ಕೆ ಬಾ ಎಂದರೆ ಬಂದು ಕುಳಿತ, ಆದರೆ ಮಾತಿಲ್ಲ. ಬೀಗರ ಮುಂದೆ ಮಾನ ಹೋಯಿತೆಂದು ಮುನಿಸಿಕೊಂಡಿದ್ದಾನೆ ಎಂದೇ ನಾನು ತಿಳಿದೆ.

ಮರಳುವಾಗ ಮಸ್ಕಿಯಲ್ಲಿ ಚಹಾಕ್ಕೆ ಗಾಡಿ ನಿಲ್ಲಿಸಿದೆವು. ಎಲ್ಲರಿಗೂ ಚಹಾ ಬಂದರೂ ಅಪ್ಪನ ಸುಳಿವಿಲ್ಲ. ಅವ್ವ ಲೋಟ ಹಿಡಿದುಕೊಂಡು ಹುಡುಕಲು ಹೊರಟಳು, ನಾನು ಅವಳ ಹಿಂದೆ. ಅಪ್ಪ ಗಾಡಿಯ ಹಿಂದೆ ನಿಂತಿದ್ದ. ಡಿಕ್ಕಿ ಹಾಕುತ್ತಿದ್ದ, ಗಾಲಿ ಎತ್ತಿ ಹಿಡಿಕೆ ಒತ್ತಿ ತೆಗೆಯುತ್ತಿದ್ದ, ಮತ್ತೆ ಹಾಕುತ್ತಿದ್ದ.

“ಖಾಲಿ ಬುಟ್ಟಿ ಅದಾವ ಅದರಾಗ. ಏನ್ ಬೇಕಿತ್ರಿ?” ಎಂದಳು ಅವ್ವ.

“ಏನಿಲ್ಲ. ಕಲಿಯಾಕತ್ತೀನಿ.”

“ಇಷ್ಟು ದಿನ ಇಲ್ಲದ್ದು ಈಗ್ಯಾಕ?”

ಅಪ್ಪ ಬಾಗಿಲ ಮೇಲಿನ ಧೂಳನ್ನು ಕೈಯಿಂದ ಒರೆಸಿದ.

“ಇಷ್ಟು ದಿನ ಆಕಿನೇ ಬಂದು ತೆಗಿತಾಳ ಅನ್ಕೊಂಡಿದ್ನಿ,” ಎಂದ. “ಇವತ್ತು ನೋಡಿದ್ನಲ್ಲ, ರೊಟ್ಟಿ ಬೇಕಾದ್ರ ಅತ್ತಿನ್ನ ಕೇಳ್ತಾಳ. ಆಕಿ ಆ ಮನಿಯಾಕಿ ಆಗ್ಯಾಳ.”

ಅವ್ವ ಚಹಾದ ಲೋಟ ನನ್ನ ಕೈಗೆ ಕೊಟ್ಟು, ಗಾಲಿಯ ಕೆಳಗೆ ಅವನ ಕೈಯ ಪಕ್ಕದಲ್ಲಿ ತನ್ನ ಕೈಯನ್ನೂ ಹಾಕಿದಳು.