ಹೊಡೆಯದೆ ಬಿಟ್ಟ ಐದು ಸಾಲು

ರಬಕವಿಯ ನೇಕಾರರ ಮನೆಯಿಂದ ಹುನ್ನೂರಿನ ಒಕ್ಕಲು ಮನೆಗೆ ಸೊಸೆಯಾಗಿ ಬಂದಾಗ ನಾನು ಟೊಮೆಟೊ ಗಿಡವನ್ನು ಹತ್ತಿರದಿಂದ ನೋಡಿದವಳೇ ಅಲ್ಲ. ಆದರೂ ನಾಲ್ಕೇ ವರ್ಷದಲ್ಲಿ ಎಲ್ಲ ತಿಳಿದವಳಂತೆ ಮಾತಾಡಲು ಕಲಿತಿದ್ದೆ.

ಹೋದ ಚಳಿಗಾಲ ನಮ್ಮ ಹತ್ತು ಸಾಲು ಟೊಮೆಟೊಗೆ ಅಂಗಮಾರಿ ರೋಗ ಬಿತ್ತು. ಕೆಳಗಿನ ಎಲೆಗಳ ಮೇಲೆ ಬಳೆಯಂಥ ಕಂದು ಚುಕ್ಕೆಗಳೆದ್ದು, ಎಲೆ ಹಳದಿಯಾಗಿ ಉದುರತೊಡಗಿತು. ಬೆಳ್ಳುಳ್ಳಿ, ಬೇವಿನೆಲೆ ಅರೆದು, ನೆನೆಹಾಕಿ, ಹಳೆಯ ಸೀರೆಯಲ್ಲಿ ಸೋಸಿದ ರಸ ಹೊಡೆದರೆ ರೋಗ ನಿಲ್ಲುತ್ತದೆಂದು ಮೊಬೈಲಿನಲ್ಲಿ ನೋಡಿದ್ದೆ. ಪಕ್ಕದ ಹೊಲದ ಹಿರಿಯಾಕೆ, ನಾನು ಕಾಕು ಅಂತ ಕರೆಯುವವರು, "ನಿನ್ನ ಹೊಲದಾಗ ಗುಣಾ ಕಂಡ್ರ ಹೇಳವ್ವಾ, ನಾನೂ ಹೊಡೀತೇನಿ" ಅಂದಿದ್ದರು. ಅವರಿಗೆ ಖಾತ್ರಿ ಉತ್ತರ ಕೊಡುವ ಜಂಬ ನನಗೆ. ಐದು ಸಾಲಿಗೆ ರಸ ಹೊಡೆದೆ, ಹೋಲಿಸಿ ನೋಡಲೆಂದು ಐದನ್ನು ಹಾಗೇ ಬಿಟ್ಟೆ. ಹೀಗೆ ಮೂರು ಸಲ.

ಬೆಳಗಾದರೆ ಹೊಲಕ್ಕೆ ಓಡುತ್ತಿದ್ದೆ. ಹತ್ತೂ ಸಾಲು ಒಂದೇ ತೆರ. ಹೊಸ ಎಲೆಗಳಲ್ಲಿ ಚುಕ್ಕೆಯೇ ಇಲ್ಲ. ಹಾಗಾದರೆ ರಸಕ್ಕೆ ಬೆಲೆಯೇ ಇಲ್ಲವೇ? ಈ ನಡುವೆ ಬಿದ್ದ ಬಿಸಿಲಿಗೆ ರೋಗ ತಾನಾಗಿಯೇ ಹೋಯಿತೇ? ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

ಕೊನೆಗೆ ಅತ್ತೆಯನ್ನು ಕೇಳಿದೆ. ರೊಟ್ಟಿ ಬಡಿಯುತ್ತಿದ್ದವರು ತಲೆ ಎತ್ತಲಿಲ್ಲ.

"ನೀ ಮನಿಗಿ ಬಂದ ಮ್ಯಾಲ ಉಳಿದ ರಸಾ ಆ ಸಾಲಿಗಿ ನಾನ ಹೊಡದೇನಿ, ಮೂರೂ ಸಲ. ಊಟಕ್ಕ ಕುಂತ ಪಂಕ್ತಿಯೊಳಗ ಅರ್ಧಾ ಮಂದಿಗಿ ಬಡಿಸಿ, ಅರ್ಧಾ ಮಂದೀನ ಹಂಗ ಎಬ್ಬಿಸ್ತಾರೇನಬೇ?"

ಸಿಟ್ಟು ನೆತ್ತಿಗೇರಿತು. "ಎಲ್ಲಾ ಕೆಡಿಸಿದ್ರಿ ಅತ್ತಿ! ಈಗ ನನಗ ಹೆಂಗ ತಿಳೀಬೇಕ್ರಿ?"

"ಅಂದ್ರ, ಆ ಐದು ಸಾಲು ಒಣಗಬೇಕಾಗಿತ್ತೇನ ನಿನಗ?"

ದಿನಾ ಬೆಳಿಗ್ಗೆ ನಾನು ಆ ಸಾಲುಗಳಲ್ಲಿ ಹಳದಿ ಎಲೆಯನ್ನೇ ಹುಡುಕುತ್ತಿದ್ದೆ. ಕಾಣದಿದ್ದರೆ ಬೇಜಾರಾಗುತ್ತಿತ್ತು. ಬಹಳ ನಾಚಿಕೆಯಾಯಿತು.

ಸಂಜೆ ಕಾಕು ಬಂದರು. ನಡೆದದ್ದನ್ನೆಲ್ಲ ಹೇಳಿ, ರೋಗ ನಿಂತದ್ದು ರಸದಿಂದಲೋ ಬಿಸಿಲಿನಿಂದಲೋ ಗೊತ್ತಿಲ್ಲವೆಂದೆ. ಒಂದೆರಡು ಸಾಲು ಹೊಡೆಯದೆ ಬಿಟ್ಟರಷ್ಟೇ ತಿಳಿಯುತ್ತದೆಂದೂ ಸೇರಿಸಿದೆ. ಕಾಕು ತಮ್ಮ ಹೊಲದ ಕಡೆ ತಿರುಗಿ ನೋಡಿದರು.

"ಹಂಗಾರ ನನ್ನ ಹೊಲದಾಗ ಯಾವ ಸಾಲು ಬಿಡ್ಲಿ? ನೀನ ಬಂದು ತೋರಸವ್ವಾ."

ಮರುದಿನ ಹೋದೆ. ಬದುವಿನ ಮೇಲೆ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದೆ. ಎಲ್ಲ ಗಿಡಗಳಲ್ಲೂ ಹಸಿರು ಕಾಯಿ ಜೋತುಬಿದ್ದಿದ್ದವು. ಕಾಕು ರಸ ತುಂಬಿದ ಪಂಪು ಬೆನ್ನಿಗೇರಿಸಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು.

"ಎಲ್ಲಾಕ್ಕೂ ಹೊಡೀರಿ ಕಾಕು," ಅಂದೆ.