ಕೊಬ್ಬರಿ ಅಟ್ಟದ ಕೆಳಗಿನ ಕಿಂಡಿ

ನಿನ್ನೆ ಸಂಜೆ ನೊಣವಿನಕೆರೆ ಬಸ್ಸಿನಲ್ಲಿ ಬರುವಾಗ ದಾರಿ ಬದಿಯ ಕೋಳಿ ಫಾರಂನಲ್ಲಿ ಸಾಲಾಗಿ ದೀಪ ಉರಿಯುತ್ತಿತ್ತು. ಪಕ್ಕದವರು "ಕೋಳಿಗೂ ದೀಪಾವಳಿನಾ?" ಎಂದು ನಕ್ಕರು. ನನಗೆ ಚಿಕ್ಕಮ್ಮನ ಹಾರೆ ನೆನಪಾಯಿತು.

ನಮ್ಮ ಮನೆಯ ಕೊಬ್ಬರಿ ಅಟ್ಟದ ಕೆಳಗೆ ಗವ್ವೆನ್ನುವ ಕತ್ತಲು. ಮುಂಗುಸಿ ಕಾಟವೆಂದು ಅಜ್ಜಿ ಚಿಕ್ಕಮ್ಮನ ಕೋಳಿಗಳನ್ನು ಹಗಲೂ ಅಲ್ಲೇ ಕೂಡಿಹಾಕುತ್ತಿದ್ದಳು. ಅವು ಮೊಟ್ಟೆ ಇಡುವುದನ್ನೇ ನಿಲ್ಲಿಸಿದವು. ಮಕ್ಕಳಿಲ್ಲದ ಚಿಕ್ಕಮ್ಮನಿಗೆ ಕೇಳಲೆಂದೇ ಅಜ್ಜಿ, "ಬಂಜೆ ಸಾಕಿದ ಕೋಳಿನೂ ಬಂಜೆನೇ ಕಣಪ್ಪ" ಎಂದಳು.

ಚಿಕ್ಕಮ್ಮ ಸೀದಾ ಹೋಗಿ, ಕಾಯಿ ಸುಲಿಯಲು ನೆಲದಲ್ಲಿ ನೆಟ್ಟಿದ್ದ ಹಾರೆಯನ್ನು ಕಿತ್ತು ತಂದು ಅಟ್ಟದ ಕೆಳಗಿನ ಮಣ್ಣಿನ ಗೋಡೆಗೆ ಹೊಡೆದಳು.

"ಬೆಳಕು ಬಿದ್ರೆ ಅಟ್ಟದ ಕೊಬ್ಬರಿ ಕೆಡ್ತದೆ, ಬುಡೇ!" ಅಜ್ಜಿ ಕೂಗಿದಳು.

"ಕೆಡ್ಲಿ ಅತ್ತೆ. ಬೆಳಕು ಕಂಡ್ರೇನೇ ಕೋಳಿ ಮೈಯಾಗೆ ಹಾರ್ಮೋನು ಏಳೋದು, ಆಮೇಲೇ ಮೊಟ್ಟೆ. ರೇಡಿಯೋದಲ್ಲಿ ಡಾಕ್ಟ್ರು ಹೇಳವ್ರೆ. ಕತ್ಲಾಗೆ ಕೂಡಿಹಾಕಿ ಬಂಜೆ ಅಂತೀರಲ್ಲ!"

ಗೋಡೆಗೆ ಕಿಂಡಿ ಬಿತ್ತು. ಸಂಜೆ ಹೊತ್ತಿಗೆಂದು ಒಂದು ಬಲ್ಬೂ ಬಂತು. ಕೆಲವು ವಾರಗಳ ಮೇಲೆ, ಇನ್ನೂ ಬಿಸಿಯಾಗಿದ್ದ ಮೊದಲ ಮೊಟ್ಟೆಯನ್ನು ಚಿಕ್ಕಮ್ಮ ಅಜ್ಜಿಯ ಅಂಗೈಗಿಟ್ಟಳು. "ಈಗ ಅನ್ನಿ."

ಅಜ್ಜಿ ಮೊಟ್ಟೆಯನ್ನು ಸೆರಗಿನಲ್ಲಿ ಹಿಡಿದುಕೊಂಡು ಅಡುಗೆಮನೆಗೆ ನಡೆದಳು.

ಚಿಕ್ಕಮ್ಮನಿಗೆ ಕೊನೆಗೂ ಮಕ್ಕಳಾಗಲಿಲ್ಲ. ಆದರೆ ಬಂಜೆ ಎಂಬ ಮಾತು ನಮ್ಮ ಮನೆಯಲ್ಲಿ ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಮೊನ್ನೆ ಅಣ್ಣ ಆ ಕಿಂಡಿ ಮುಚ್ಚಿಸಲು ಹೊರಟಿದ್ದ. "ಮುಚ್ಚಿಸು, ಹಾರೆ ಎಲ್ಲೈತೆ ಅಂತ ನಂಗೊತ್ತು" ಅಂದೆ.